ಕರೆಂಟ್ ಅಗ್ಗ, ಬ್ಯಾಟರಿ ದುಬಾರಿ

ಮೊನ್ನೆ ರಾತ್ರಿ ಬುಲೆಟಿನ್ ಮುಗಿಸಿ ಸ್ಟುಡಿಯೋದಿಂದ ಹೊರಗೆ ಬಂದೆ. ಕಾರು ಸರ್ವಿಸ್‌ಗೆ ಹೋಗಿತ್ತು. ಆಟೋ ಹಿಡಿದೆ. ಹತ್ತಿ ಕೂತ ಮೇಲೆ ಗೊತ್ತಾಯ್ತು, ಸದ್ದೇ ಇಲ್ಲ. ಎಲೆಕ್ಟ್ರಿಕ್ ಆಟೋ. ಸಾಲ ಮಾಡಿ ತಗೊಂಡು ಎರಡು ವರ್ಷ ಆಯ್ತಂತೆ.

"ಕಿಲೋಮೀಟರಿಗೆ ಎಷ್ಟು ಬೀಳುತ್ತೆ?" ಅಂತ ಕೇಳಿದೆ. "ಕರೆಂಟಿಗೆ ಅರವತ್ತು, ಎಪ್ಪತ್ತು ಪೈಸೆ ಸಾರ್. ಗ್ಯಾಸ್ ಆಟೋಗೆ ಮೂರು ರೂಪಾಯಿ ಹತ್ರ ಹೋಗ್ತಿತ್ತು" ಅಂದ. ಮುಖದಲ್ಲಿ ಖುಷಿ ಇತ್ತು. "ಬ್ಯಾಟರಿಗೆ ಎಷ್ಟು ಬೀಳುತ್ತೆ?" ಅಂದೆ. ಆತ ಒಂದು ಸಿಗ್ನಲ್ ದಾಟುವವರೆಗೂ ಮಾತಾಡಲಿಲ್ಲ. ಆಮೇಲೆ ಹೇಳಿದ: "ಅದನ್ನ ಲೆಕ್ಕ ಹಾಕಿಲ್ಲ ಸಾರ್. ಹಾಕಿದ್ರೆ ರಾತ್ರಿ ನಿದ್ದೆ ಬರಲ್ಲ."

ನೋಡಿ, ಈ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಎಲೆಕ್ಟ್ರಿಕ್ ಗಾಡಿಯ ಬಗ್ಗೆ ಟಿವಿಯಲ್ಲಿ ಬರುವ ಜಾಹೀರಾತು ನೋಡಿ, ಪೇಪರ್ ನೋಡಿ, ಸರ್ಕಾರದ ಭಾಷಣ ಕೇಳಿ. ಎಲ್ಲರೂ ಹೇಳೋದು ಕರೆಂಟಿನ ಲೆಕ್ಕ. ಕಿಲೋಮೀಟರಿಗೆ ಇಷ್ಟೇ ಪೈಸೆ ಅಂತ. ಬ್ಯಾಟರಿಯ ಲೆಕ್ಕ ಯಾರೂ ಬಾಯಿ ಬಿಟ್ಟು ಹೇಳಲ್ಲ. ಇದೇನು ಇವತ್ತಿನ ಕಥೆ ಅಂದ್ಕೊಂಡ್ರಾ? ಅಲ್ಲ ಸ್ವಾಮಿ. ನೂರಿಪ್ಪತ್ತು ವರ್ಷದ ಹಳೇ ಕಥೆ. ಎಲೆಕ್ಟ್ರಿಕ್ ಗಾಡಿ ಎರಡು ಸಲ ಬಂದು ಎರಡು ಸಲ ಸೋತಿದೆ. ಕರೆಂಟ್ ಸೋಲಿಸಲಿಲ್ಲ, ಮೋಟಾರ್ ಸೋಲಿಸಲಿಲ್ಲ. ಪ್ರತಿ ಸಲವೂ ಬ್ಯಾಟರಿಯ ಭಾರವೇ ಕಾಲಿಗೆ ತೊಡರಿತು. ಈಗ ಮೂರನೇ ಸಲ ಬಂದಿದೆ. ಈ ಸಲ ಗೆಲ್ಲುತ್ತಾ? ಅದಕ್ಕೆ ಉತ್ತರ ಬೇಕಿದ್ದರೆ ಹಿಂದಕ್ಕೆ ಹೋಗಬೇಕು.

1859. ಫ್ರಾನ್ಸಿನ ವಿಜ್ಞಾನಿ ಗ್ಯಾಸ್ಟನ್ ಪ್ಲಾಂಟೆ ಸೀಸದ ಎರಡು ತಗಡುಗಳನ್ನು ಸುರುಳಿ ಸುತ್ತಿ ಗಂಧಕಾಮ್ಲದಲ್ಲಿ ಮುಳುಗಿಸಿದ. ಕರೆಂಟ್ ಕೊಟ್ಟರೆ ತುಂಬಿಕೊಳ್ಳುತ್ತೆ, ಬೇಕಾದಾಗ ವಾಪಸ್ ಕೊಡುತ್ತೆ. ಮತ್ತೆ ತುಂಬಬಹುದು. ಮರುಚಾರ್ಜ್ ಆಗುವ ಮೊದಲ ಬ್ಯಾಟರಿ ಅದು. ನಿಮ್ಮ ಮನೆಯ ಯುಪಿಎಸ್ ಕೆಳಗೆ ಕೂತಿರುವ, ಆಗಾಗ ಡಿಸ್ಟಿಲ್ಡ್ ವಾಟರ್ ಕೇಳುವ ಆ ದಪ್ಪ ಬ್ಯಾಟರಿ ಇದೆಯಲ್ಲ, ಅದೇ ವಂಶ. 1881ರಲ್ಲಿ ಕ್ಯಾಮಿಲ್ ಫೋರ್ ಅನ್ನುವ ಇನ್ನೊಬ್ಬ ಫ್ರೆಂಚ್ ಎಂಜಿನಿಯರ್ ಸೀಸದ ತಗಡಿಗೆ ಸೀಸದ ಸಂಯುಕ್ತದ ಲೇಪನ ಹಚ್ಚುವ ದಾರಿ ಹುಡುಕಿದ. ಬ್ಯಾಟರಿಯ ತಾಕತ್ತು ಹೆಚ್ಚಿತು, ಕಾರ್ಖಾನೆಯಲ್ಲಿ ತಯಾರಿಸುವುದೂ ಸುಲಭವಾಯ್ತು. ಅದೇ ವರ್ಷ ಪ್ಯಾರಿಸ್ ಬೀದಿಯಲ್ಲಿ ಗುಸ್ತಾವ್ ಟ್ರೂವೆ ಬ್ಯಾಟರಿ ಕಟ್ಟಿದ ಮೂರು ಚಕ್ರದ ಗಾಡಿ ಓಡಿಸಿದ. ಕಾರ್ಲ್ ಬೆಂಜ್ ಪೆಟ್ರೋಲ್ ಕಾರಿಗೆ ಪೇಟೆಂಟ್ ಪಡೆದದ್ದು 1886ರಲ್ಲಿ. ಅಂದರೆ ಎಲೆಕ್ಟ್ರಿಕ್ ಗಾಡಿ ಪೆಟ್ರೋಲ್ ಕಾರಿಗಿಂತ ಹಿರಿಯದು.

ಇನ್ನೂ ಆಶ್ಚರ್ಯದ ವಿಷಯ ಕೇಳಿ. ಗಂಟೆಗೆ 100 ಕಿಲೋಮೀಟರ್ ವೇಗವನ್ನು ಮೊದಲು ದಾಟಿದ ಕಾರು ಯಾವುದು? ಪೆಟ್ರೋಲ್ ಕಾರಲ್ಲ. 1899ರಲ್ಲಿ ಬೆಲ್ಜಿಯಂನ ಕಮೀಲ್ ಜೆನಾಟ್ಸಿ ಓಡಿಸಿದ ಎಲೆಕ್ಟ್ರಿಕ್ ಕಾರು. 1900ರಲ್ಲಿ ಅಮೆರಿಕದಲ್ಲಿ ತಯಾರಾದ ಮೋಟಾರು ಗಾಡಿಗಳು ಒಟ್ಟು 4,192. ಅದರಲ್ಲಿ ಹಬೆಯವು 1,681, ಎಲೆಕ್ಟ್ರಿಕ್ 1,575. ಪೆಟ್ರೋಲಿನವು? ಬರೀ 936. ಪೆಟ್ರೋಲ್ ಗಾಡಿ ಆಗ ಕೊನೆಯ ಬೆಂಚಿನ ಹುಡುಗ.

ಯಾಕೆ ಹಾಗೆ? ಪೆಟ್ರೋಲ್ ಕಾರು ಸ್ಟಾರ್ಟ್ ಮಾಡಬೇಕಿದ್ದರೆ ಮುಂದೆ ನಿಂತು ಕಬ್ಬಿಣದ ಹ್ಯಾಂಡಲ್ ತಿರುಗಿಸಬೇಕಿತ್ತು. ಅದು ಹಿಂದಕ್ಕೆ ಒದ್ದರೆ ಕೈ ಮುರೀತು ಅಂತಲೇ ಲೆಕ್ಕ. ಹೊಗೆ, ಗದ್ದಲ, ವಾಸನೆ ಬೇರೆ. ಎಲೆಕ್ಟ್ರಿಕ್ ಕಾರಿನಲ್ಲಿ ಇದ್ಯಾವುದೂ ಇಲ್ಲ. ಸ್ವಿಚ್ ಹಾಕು, ಹೊರಡು. ಹೆನ್ರಿ ಫೋರ್ಡ್ ಗೊತ್ತಲ್ಲ? ಪೆಟ್ರೋಲ್ ಕಾರನ್ನು ಮನೆಮನೆಗೆ ಮುಟ್ಟಿಸಿದ ಮನುಷ್ಯ. ಅವನ ಹೆಂಡತಿ ಕ್ಲಾರಾ ಓಡಿಸುತ್ತಿದ್ದದ್ದು ಡೆಟ್ರಾಯಿಟ್ ಎಲೆಕ್ಟ್ರಿಕ್ ಕಂಪನಿಯ ಬ್ಯಾಟರಿ ಕಾರು!

ಹಾಗಾದರೆ ಸೋತದ್ದೇಕೆ? ಇಲ್ಲಿ ಸ್ವಲ್ಪ ಲೆಕ್ಕ ಬೇಕು, ಬೇಜಾರು ಮಾಡ್ಕೋಬೇಡಿ. ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು 9 ಯೂನಿಟ್ ಕರೆಂಟಿನಷ್ಟು ಶಕ್ತಿ ಇದೆ. ಆದರೆ ಎಂಜಿನ್ ಅದರಲ್ಲಿ ಹೆಚ್ಚುಕಡಿಮೆ ಮುಕ್ಕಾಲು ಪಾಲನ್ನು ಬಿಸಿ ಮಾಡಿ ಗಾಳಿಗೆ ಬಿಡುತ್ತೆ. ಚಕ್ರಕ್ಕೆ ಸಿಗೋದು ಎರಡು, ಎರಡೂಕಾಲು ಯೂನಿಟ್. ಮೋಟಾರ್ ಹಾಗಲ್ಲ, ಕೊಟ್ಟದ್ದರಲ್ಲಿ ಸುಮಾರು ಶೇಕಡ 90ರಷ್ಟನ್ನು ಚಕ್ರಕ್ಕೆ ಮುಟ್ಟಿಸುತ್ತೆ. ಹೀಗಿದ್ದರೂ ಒಂದು ಲೀಟರ್ ಪೆಟ್ರೋಲ್ ಮಾಡುವ ಕೆಲಸವನ್ನು ಸೀಸದ ಬ್ಯಾಟರಿ ಮಾಡಬೇಕಾದರೆ ಅದರ ತೂಕ ಎಷ್ಟಿರಬೇಕು? ಸುಮಾರು 70 ಕಿಲೋ! ಮುಕ್ಕಾಲು ಕಿಲೋ ತೂಗುವ ಒಂದು ಲೀಟರ್ ಪೆಟ್ರೋಲಿಗೆ 70 ಕಿಲೋ ಸೀಸ. ಗಾಡಿ ಜನರನ್ನು ಹೊರುತ್ತಿರಲಿಲ್ಲ, ತನ್ನ ಬ್ಯಾಟರಿಯನ್ನೇ ಹೊರುತ್ತಿತ್ತು.

ತೂಕ ಒಂದು ತೊಂದರೆ. ಇನ್ನೊಂದು ಆಯಸ್ಸು. ಪೂರ್ತಿ ಖಾಲಿ ಮಾಡಿ ತುಂಬಿ, ಖಾಲಿ ಮಾಡಿ ತುಂಬಿ, ಸೀಸದ ತಗಡಿನ ಲೇಪನ ಉದುರಿ ಹೋಗುತ್ತೆ. ಗುಂಡಿ ಬಿದ್ದ ರಸ್ತೆಯ ಕುಲುಕಾಟಕ್ಕೆ ಇನ್ನೂ ಬೇಗ ಉದುರುತ್ತೆ. ಕೆಲವೇ ವರ್ಷದಲ್ಲಿ ಹೊಸ ಬ್ಯಾಟರಿ. ನ್ಯೂಯಾರ್ಕಿನಲ್ಲಿ ಆ ಕಾಲದಲ್ಲೇ ನೂರಾರು ಎಲೆಕ್ಟ್ರಿಕ್ ಟ್ಯಾಕ್ಸಿ ಓಡಿಸಿದ ಕಂಪನಿಯೊಂದಿತ್ತು. ಗಾಡಿ ಡಿಪೋಗೆ ಬಂದರೆ ಖಾಲಿ ಬ್ಯಾಟರಿ ತೆಗೆದು ತುಂಬಿದ್ದನ್ನು ಯಂತ್ರದಿಂದ ಕೂರಿಸುತ್ತಿದ್ದರು. ಇವತ್ತು 'ಬ್ಯಾಟರಿ ಸ್ವಾಪಿಂಗ್' ಅಂತ ಕರೆಯುತ್ತೀವಲ್ಲ, ಅದೇ. ಆ ಕಂಪನಿ 1907ರ ಹೊತ್ತಿಗೆ ಮುಳುಗಿತು.

ಆಗ ಬಂದ ಥಾಮಸ್ ಆಲ್ವಾ ಎಡಿಸನ್. ಬಲ್ಬು ಕೊಟ್ಟವನು ಬ್ಯಾಟರಿ ಕೊಡಲ್ವಾ ಅಂತ ಜನಕ್ಕೆ ನಂಬಿಕೆ. ಸೀಸ ಬೇಡ, ನಿಕ್ಕಲ್ ಮತ್ತು ಕಬ್ಬಿಣದಲ್ಲಿ ಮಾಡ್ತೀನಿ ಅಂದ. 1903ರಲ್ಲಿ ಮಾರಾಟ ಶುರು ಮಾಡಿದ. ಬ್ಯಾಟರಿ ಸೋರಿದವು, ತಾಕತ್ತು ಕಳೆದುಕೊಂಡವು. ಎಡಿಸನ್ ಮಾರಾಟ ನಿಲ್ಲಿಸಿ ಮತ್ತೆ ಪ್ರಯೋಗಾಲಯ ಸೇರಿಕೊಂಡ. ಸರಿಪಡಿಸಿ ಹೊರಗೆ ತಂದದ್ದು 1909ರಲ್ಲಿ. ಒಳ್ಳೇ ಬ್ಯಾಟರಿ, ಗಟ್ಟಿ ಬ್ಯಾಟರಿ, ಆದರೆ ದುಬಾರಿ. ಅಷ್ಟು ಹೊತ್ತಿಗೆ ಏನಾಗಿತ್ತು? 1901ರಲ್ಲಿ ಟೆಕ್ಸಾಸ್‌ನಲ್ಲಿ ಎಣ್ಣೆ ಬುಗ್ಗೆಯಂತೆ ಚಿಮ್ಮಿತ್ತು. 1908ರಲ್ಲಿ ಫೋರ್ಡ್ ತನ್ನ ಮಾಡೆಲ್ ಟಿ ಕಾರನ್ನು ಬಿಟ್ಟಿದ್ದ. 1912ರಲ್ಲಿ ಕ್ಯಾಡಿಲಾಕ್ ಕಾರಿಗೆ ಚಾರ್ಲ್ಸ್ ಕೆಟರಿಂಗ್ ಸೆಲ್ಫ್ ಸ್ಟಾರ್ಟರ್ ಕೂರಿಸಿದ. ಹ್ಯಾಂಡಲ್ ತಿರುಗಿಸುವ ಕಾಟ ತಪ್ಪಿತು. ಆ ಸೆಲ್ಫ್ ಸ್ಟಾರ್ಟರ್ ಓಡುತ್ತಿದ್ದದ್ದು ಯಾವುದರಿಂದ ಗೊತ್ತಾ? ಬ್ಯಾಟರಿಯಿಂದಲೇ! ಎಲೆಕ್ಟ್ರಿಕ್ ಕಾರಿನ ಸೀಸದ ಬ್ಯಾಟರಿಯೇ ಪೆಟ್ರೋಲ್ ಕಾರಿನೊಳಗೆ ಕೂತು ಎಲೆಕ್ಟ್ರಿಕ್ ಕಾರನ್ನು ಮುಗಿಸಿತು. ಅದೇ ಹೊತ್ತಿಗೆ ಅಮೆರಿಕದಲ್ಲಿ ಎಲೆಕ್ಟ್ರಿಕ್ ಕಾರಿಗೆ 1,750 ಡಾಲರ್, ಪೆಟ್ರೋಲ್ ಕಾರಿಗೆ 650 ಡಾಲರ್. ಅಲ್ಲಿಗೆ ಮೊದಲ ಇನಿಂಗ್ಸ್ ಮುಗೀತು.

ಆದರೆ ನಾನು ನಿಮಗೆ ಹೇಳಬೇಕು ಅಂತ ಇಟ್ಟುಕೊಂಡಿರೋ ಕಥೆ ಇದಲ್ಲ. ಅಮೆರಿಕದ ಹಾರ್ಟ್‌ಫರ್ಡ್ ಅನ್ನುವ ಊರಿನ ಕಥೆ. ಅಲ್ಲಿ ಕರೆಂಟ್ ಸರಬರಾಜು ಮಾಡುತ್ತಿದ್ದದ್ದು ಹಾರ್ಟ್‌ಫರ್ಡ್ ಎಲೆಕ್ಟ್ರಿಕ್ ಲೈಟ್ ಕಂಪನಿ. ನಮ್ಮ ಬೆಸ್ಕಾಂ ಇದ್ದ ಹಾಗೆ ಅಂದ್ಕೊಳ್ಳಿ. ಅವರು 1910ರ ಸುಮಾರಿಗೆ ಒಂದು ಕೆಲಸ ಮಾಡಿದರು. ವ್ಯಾಪಾರಿಗಳಿಗೆ ಹೇಳಿದರು: ನೀವು ಎಲೆಕ್ಟ್ರಿಕ್ ಲಾರಿ ಮಾತ್ರ ತಗೊಳ್ಳಿ, ಬ್ಯಾಟರಿ ತಗೋಬೇಡಿ. ಬ್ಯಾಟರಿ ನಮ್ಮದು. ತುಂಬಿ ಕೊಡೋದು ನಮ್ಮ ಕೆಲಸ, ಕೆಟ್ಟರೆ ನಮ್ಮ ಕರ್ಮ. ನೀವು ಎಷ್ಟು ಮೈಲಿ ಓಡಿಸ್ತೀರೋ ಅಷ್ಟಕ್ಕೆ ದುಡ್ಡು ಕೊಡಿ, ಜೊತೆಗೆ ತಿಂಗಳಿಗೆ ಒಂದಿಷ್ಟು ಸರ್ವಿಸ್ ಶುಲ್ಕ. ಅಷ್ಟೇ! ಈ ವ್ಯವಸ್ಥೆ 1924ರ ತನಕ ನಡೆಯಿತು. ಆ ಲಾರಿಗಳು ಓಡಿದ್ದು ಒಟ್ಟು 60 ಲಕ್ಷ ಮೈಲಿಗೂ ಹೆಚ್ಚು. ಬ್ಯಾಟರಿ ಅದೇ ಬ್ಯಾಟರಿ, ಅದೇ ಸೀಸ, ಅದೇ ತೂಕ. ಬದಲಾದದ್ದು ಒಂದೇ. ಬ್ಯಾಟರಿ ಕೆಟ್ಟರೆ ನಷ್ಟ ಯಾರ ತಲೆ ಮೇಲೆ ಅನ್ನುವ ಪ್ರಶ್ನೆಗೆ ಉತ್ತರ. ಇದನ್ನು ನೆನಪಿಟ್ಟುಕೊಳ್ಳಿ, ಮತ್ತೆ ಇಲ್ಲಿಗೇ ಬರ್ತೀನಿ.

ಎರಡನೇ ಇನಿಂಗ್ಸ್ ಶುರುವಾದದ್ದು ಪೆಟ್ರೋಲಿನ ಏಟಿನಿಂದ. 1973ರಲ್ಲಿ ಅರಬ್ ದೇಶಗಳು ಎಣ್ಣೆಯ ನಲ್ಲಿ ತಿರುಗಿಸಿದವು. ಜಗತ್ತು ಗಡಗಡ ನಡುಗಿತು. ತಮಾಷೆ ನೋಡಿ, ಆ ಹೊತ್ತಿನಲ್ಲಿ ಹೊಸ ಬ್ಯಾಟರಿ ಹುಡುಕಿದ್ದು ಒಂದು ಎಣ್ಣೆ ಕಂಪನಿ! ಅಮೆರಿಕದ ಎಕ್ಸಾನ್‌ನಲ್ಲಿ ಕೆಲಸ ಮಾಡುತ್ತಿದ್ದ ಸ್ಟ್ಯಾನ್ಲಿ ವಿಟಿಂಗ್‌ಹ್ಯಾಂ ಲಿಥಿಯಂ ಬಳಸಿ ಮರುಚಾರ್ಜ್ ಆಗುವ ಬ್ಯಾಟರಿ ಮಾಡಿದರು. ಲಿಥಿಯಂ ಲೋಹಗಳಲ್ಲೆಲ್ಲ ಹಗುರ. ಆದರೆ ಬೆಂಕಿಯ ಸ್ವಭಾವ. ಪ್ರಯೋಗಾಲಯದಲ್ಲಿ ಬೆಂಕಿ ಹತ್ತಿದ್ದೂ ಉಂಟು. ಎಣ್ಣೆ ಬೆಲೆ ಇಳಿಯಿತು, ಕಂಪನಿಯ ಆಸಕ್ತಿಯೂ ಇಳಿಯಿತು.

ಕೆಲಸ ನಿಲ್ಲಲಿಲ್ಲ. 1980ರಲ್ಲಿ ಇಂಗ್ಲೆಂಡಿನ ಆಕ್ಸ್‌ಫರ್ಡ್‌ನಲ್ಲಿ ಜಾನ್ ಗುಡ್‌ಇನಫ್ ಮತ್ತು ಅವರ ಜೊತೆಯವರು ಲಿಥಿಯಂ ಜೊತೆಗೆ ಕೋಬಾಲ್ಟ್ ಆಕ್ಸೈಡ್ ಸೇರಿಸಿ ಬ್ಯಾಟರಿಯ ಶಕ್ತಿಯನ್ನು ಏರಿಸಿದರು. 1985ರಲ್ಲಿ ಜಪಾನಿನ ಅಕಿರಾ ಯೋಶಿನೊ ಅಪಾಯಕಾರಿ ಲಿಥಿಯಂ ಲೋಹವನ್ನೇ ತೆಗೆದುಹಾಕಿ, ಆ ಜಾಗಕ್ಕೆ ಇಂಗಾಲ ತಂದರು. 1991ರಲ್ಲಿ ಸೋನಿ ಕಂಪನಿ ಅದನ್ನು ಮಾರುಕಟ್ಟೆಗೆ ಬಿಟ್ಟಿತು. ಕಾರಿಗಲ್ಲ, ವಿಡಿಯೋ ಕ್ಯಾಮೆರಾಗೆ. ನಾವು ಟಿವಿಯವರು ಹೆಗಲ ಮೇಲೆ ಹೊತ್ತು ತಿರುಗುವ ಕ್ಯಾಮೆರಾ ಹಗುರವಾದದ್ದರಲ್ಲಿ ಈ ಬ್ಯಾಟರಿಯ ಪಾಲೂ ಇದೆ. ಆಮೇಲೆ ಮೊಬೈಲ್, ಲ್ಯಾಪ್‌ಟಾಪ್. ಕೋಟಿಗಟ್ಟಲೆ ಬ್ಯಾಟರಿ ತಯಾರಾಗುತ್ತಾ ತಯಾರಾಗುತ್ತಾ ಬೆಲೆ ಇಳಿಯಿತು. ಈ ಮೂವರಿಗೂ 2019ರಲ್ಲಿ ನೊಬೆಲ್ ಬಂತು. ಗುಡ್‌ಇನಫ್ ಅವರಿಗೆ ಆಗ 97 ವರ್ಷ. ನೊಬೆಲ್ ಪಡೆದವರಲ್ಲೇ ಅತಿ ಹಿರಿಯ. ಆಕ್ಸ್‌ಫರ್ಡ್ ತನ್ನ ಹೆಸರಲ್ಲಿ ಪೇಟೆಂಟ್ ಕೂಡ ಮಾಡಿಸಿರಲಿಲ್ಲ. ಆ ಬ್ಯಾಟರಿಯಿಂದ ಕಂಪನಿಗಳು ಕೋಟಿ ಕೋಟಿ ಮಾಡಿಕೊಂಡವು, ಆ ಅಜ್ಜನಿಗೆ ರಾಯಲ್ಟಿ ಬರಲಿಲ್ಲ.

ಆದರೆ 90ರ ದಶಕದ ಕಾರಿಗೆ ಲಿಥಿಯಂ ಇನ್ನೂ ಎಟುಕುತ್ತಿರಲಿಲ್ಲ. ಕ್ಯಾಲಿಫೋರ್ನಿಯಾ ರಾಜ್ಯ 1990ರಲ್ಲಿ ಹೊಗೆಯಿಲ್ಲದ ಕಾರು ಮಾರಲೇಬೇಕು ಅಂತ ನಿಯಮ ತಂದಿತು. ಜನರಲ್ ಮೋಟಾರ್ಸ್ 1996ರಲ್ಲಿ ಇವಿ1 ಅನ್ನುವ ಕಾರು ಬಿಟ್ಟಿತು. ಮೊದಲು ಸೀಸದ ಬ್ಯಾಟರಿ, ಆಮೇಲೆ ನಿಕ್ಕಲ್ ಬ್ಯಾಟರಿ. ಮಾರಲಿಲ್ಲ, ಬಾಡಿಗೆಗೆ ಮಾತ್ರ ಕೊಟ್ಟರು. ತಯಾರಾದದ್ದು 1,117 ಕಾರು. ಕೊನೆಗೆ ಬಾಡಿಗೆ ಕರಾರು ಮುಗಿಸಿ ಎಲ್ಲವನ್ನೂ ವಾಪಸ್ ತಗೊಂಡು ಬಹುಪಾಲನ್ನು ಜಜ್ಜಿ ಹಾಕಿದರು. ಓಡಿಸುತ್ತಿದ್ದವರು ನಾವು ಕೊಂಡುಕೊಳ್ತೀವಿ ಕೊಡಿ ಅಂತ ಅಂಗಲಾಚಿದರೂ ಕೊಡಲಿಲ್ಲ.

ಇದೇ ಹೊತ್ತಿಗೆ ನಮ್ಮ ಬೆಂಗಳೂರಿನಲ್ಲಿ ಏನಾಗುತ್ತಿತ್ತು? ಈ ಕಥೆ ಗೊತ್ತಿಲ್ಲದೆ ಎಲೆಕ್ಟ್ರಿಕ್ ಕಾರಿನ ಬಗ್ಗೆ ಮಾತಾಡೋ ಹಾಗೇ ಇಲ್ಲ. 2001ರಲ್ಲಿ ಬೆಂಗಳೂರಿನ ರಸ್ತೆಗೆ ಒಂದು ಪುಟ್ಟ ಕಾರು ಇಳಿಯಿತು. ಹೆಸರು ರೇವಾ. ಹಿಂದೆ ಇದ್ದವರು ಮೈನಿ ಕುಟುಂಬ, ಮುಂದೆ ನಿಂತವರು ಚೇತನ್ ಮೈನಿ. ಮುಂದೆ ಇಬ್ಬರು ದೊಡ್ಡವರು, ಹಿಂದೆ ಇಬ್ಬರು ಮಕ್ಕಳು ಕೂರಬಹುದು. ಸೀಟಿನ ಕೆಳಗೆ ಸೀಸದ ಬ್ಯಾಟರಿ. ಒಂದು ಸಲ ಚಾರ್ಜ್ ಮಾಡಿದರೆ ಸುಮಾರು 80 ಕಿಲೋಮೀಟರ್. ಆಟಿಕೆ ಕಾರು ಅಂತ ನಾವು ನಕ್ಕೆವು. ಲಂಡನ್ನಿನವರು ನಗಲಿಲ್ಲ. ಅಲ್ಲಿ 2003ರಿಂದ ಊರ ನಡುವೆ ಕಾರು ತಂದರೆ ದಿನಕ್ಕೆ ಶುಲ್ಕ ಕಟ್ಟಬೇಕಿತ್ತು. ಎಲೆಕ್ಟ್ರಿಕ್ ಕಾರಿಗೆ ಆಗ ಅದು ಮಾಫಿ ಇತ್ತು. ಬೆಂಗಳೂರಿನ ರೇವಾ ಅಲ್ಲಿ 'ಜಿ-ವಿಜ್' ಅಂತ ಹೆಸರು ಬದಲಿಸಿಕೊಂಡು ಓಡಾಡಿತು. ಟೆಸ್ಲಾ ತನ್ನ ಮೊದಲ ಕಾರು ರೋಡ್‌ಸ್ಟರ್ ಬಿಟ್ಟದ್ದು 2008ರಲ್ಲಿ. ಅದಕ್ಕೂ ಏಳು ವರ್ಷ ಮೊದಲೇ ನಮ್ಮೂರಲ್ಲಿ ಎಲೆಕ್ಟ್ರಿಕ್ ಕಾರು ಮಾರಾಟದಲ್ಲಿತ್ತು ಸ್ವಾಮಿ!

ಹಾಗಾದರೆ ರೇವಾ ಯಾಕೆ ಮನೆಮನೆಗೆ ಬರಲಿಲ್ಲ? ಸಣ್ಣದು ಅಂತ ಕೆಲವರು ಬೇಡ ಅಂದರು. ಎಸಿ ಹಾಕಿದರೆ ಓಡುವ ದೂರ ಕಡಿಮೆ ಅಂತ ಕೆಲವರು. ಆದರೆ ಕೊಂಡವರನ್ನು ಕೇಳಿ ನೋಡಿ. ಮೊದಲ ಎರಡು ವರ್ಷ ಪೈಸೆ ಲೆಕ್ಕದ ಖುಷಿ. ಆಮೇಲೆ ಒಂದು ದಿನ 80 ಕಿಲೋಮೀಟರ್ ಓಡುತ್ತಿದ್ದದ್ದು 60ಕ್ಕೆ, 60ರಿಂದ 40ಕ್ಕೆ ಇಳಿಯುತ್ತೆ. ಸರ್ವಿಸ್‌ಗೆ ಹೋದರೆ "ಬ್ಯಾಟರಿ ಸೆಟ್ ಬದಲಾಯಿಸಬೇಕು ಸಾರ್." ಪೈಸೆ ಪೈಸೆ ಉಳಿಸಿದ್ದು ಒಂದೇ ಬಿಲ್ಲಿನಲ್ಲಿ ವಾಪಸ್ ಹೋಗುತ್ತೆ. ಸೀಸದ ಬ್ಯಾಟರಿಯ ಹಣೆಬರಹ ಅದು. ನ್ಯೂಯಾರ್ಕಿನ ಟ್ಯಾಕ್ಸಿಗೆ ಏನಾಗಿತ್ತೋ ಬೆಂಗಳೂರಿನ ಕಾರಿಗೂ ಅದೇ ಆಯ್ತು. 2009ರಲ್ಲಿ ರೇವಾಗೆ ಲಿಥಿಯಂ ಬ್ಯಾಟರಿ ಬಂತು, 2010ರಲ್ಲಿ ಕಂಪನಿಯ ಹೆಚ್ಚಿನ ಪಾಲನ್ನು ಮಹೀಂದ್ರಾ ತಗೊಂಡಿತು. ಚೇತನ್ ಮೈನಿ ಆಮೇಲೆ ಯಾವ ಕಂಪನಿ ಕಟ್ಟಿದರು ಗೊತ್ತಾ? 2017ರಲ್ಲಿ ಸನ್ ಮೊಬಿಲಿಟಿ. ಕಾರು ಮಾಡುವ ಕಂಪನಿ ಅಲ್ಲ, ಬ್ಯಾಟರಿ ಬದಲಾಯಿಸಿ ಕೊಡುವ ಕಂಪನಿ! ಕಾರು ಮಾಡಿ ಮಾರಿದವರೇ ಕೊನೆಗೆ ಬ್ಯಾಟರಿಯನ್ನು ಗಾಡಿಯಿಂದ ಬೇರೆ ಮಾಡುವ ದಾರಿ ಹಿಡಿದರು. ನೂರು ವರ್ಷದ ಹಿಂದಿನ ಹಾರ್ಟ್‌ಫರ್ಡ್ ದಾರಿ.

ಈಗ ಮೂರನೇ ಇನಿಂಗ್ಸ್. ಈ ಸಲ ನಿಜಕ್ಕೂ ಪಿಚ್ ಬದಲಾಗಿದೆ, ಅದನ್ನು ಒಪ್ಪಿಕೊಳ್ಳಲೇಬೇಕು. 2010ರಲ್ಲಿ ಒಂದು ಯೂನಿಟ್ ಕರೆಂಟ್ ಹಿಡಿಯುವ ಲಿಥಿಯಂ ಬ್ಯಾಟರಿಗೆ ಸಾವಿರ ಡಾಲರ್‌ಗಿಂತ ಹೆಚ್ಚು ಬೆಲೆ ಇತ್ತು. 2024ರಲ್ಲಿ ಅದು ಸರಾಸರಿ 115 ಡಾಲರಿಗೆ ಇಳಿಯಿತು. ಒಂದು ಲೀಟರ್ ಪೆಟ್ರೋಲಿನ ಕೆಲಸಕ್ಕೆ ಸೀಸದಲ್ಲಿ 70 ಕಿಲೋ ಬೇಕಿತ್ತು ಅಂದೆನಲ್ಲ, ಲಿಥಿಯಂನಲ್ಲಿ 17, 18 ಕಿಲೋ ಸಾಕು. ಇನ್ನೊಂದು ಜಾತಿಯ ಬ್ಯಾಟರಿಯೂ ಬಂದಿದೆ. ಎಲ್‌ಎಫ್‌ಪಿ ಅಂತಾರೆ. ಲಿಥಿಯಂ ಜೊತೆಗೆ ಕಬ್ಬಿಣ, ರಂಜಕ. ದುಬಾರಿ ಕೋಬಾಲ್ಟ್ ಬೇಡ. ಸ್ವಲ್ಪ ತೂಕ ಜಾಸ್ತಿ, ಆದರೆ ಬಾಳಿಕೆ ಜಾಸ್ತಿ, ಬೆಂಕಿಯ ಭಯ ಕಡಿಮೆ. ಇದನ್ನು 1997ರಲ್ಲಿ ಜಗತ್ತಿಗೆ ತೋರಿಸಿದ್ದೂ ಅದೇ ಗುಡ್‌ಇನಫ್ ಅವರ ತಂಡ, ಈ ಸಲ ಅಮೆರಿಕದ ಟೆಕ್ಸಾಸ್‌ನಲ್ಲಿ. ಆ ಸಂಶೋಧನಾ ಪ್ರಬಂಧದಲ್ಲಿ ಮೊದಲ ಹೆಸರು ಯಾರದು? ಅಕ್ಷಯ ಪಾಧಿ. ಭಾರತದ ಹುಡುಗ. ಆದರೆ ಅದನ್ನು ಹಿಡಿದು ದೊಡ್ಡ ಕಾರ್ಖಾನೆ ಕಟ್ಟಿದ್ದು ಚೀನಾ. ನಾವಲ್ಲ.

ನಮ್ಮಲ್ಲಿ ಲಿಥಿಯಂ ಇಲ್ವಾ ಅಂತ ಕೇಳ್ತೀರಿ. ಮಂಡ್ಯ ಜಿಲ್ಲೆಯ ಮರ್ಲಗಾಲದ ಸುದ್ದಿ ನೆನಪಿರಬಹುದು. 2021ರಲ್ಲಿ ಕೇಂದ್ರ ಸರ್ಕಾರ ಅಲ್ಲಿ 1,600 ಟನ್ ಲಿಥಿಯಂ ಇರುವ ಅಂದಾಜು ಹೇಳಿತು. ಮಂಡ್ಯದಲ್ಲಿ ಚಿನ್ನ ಸಿಕ್ಕಿತು ಅನ್ನೋ ಹಾಗೆ ನಾವು ಟಿವಿಯವರೂ ಕುಣಿದಾಡಿದೆವು. ಲೆಕ್ಕ ಹಾಕಿ. ಒಂದು ಮಧ್ಯಮ ಗಾತ್ರದ ಎಲೆಕ್ಟ್ರಿಕ್ ಕಾರಿಗೆ ಸುಮಾರು 8 ಕಿಲೋ ಲಿಥಿಯಂ ಬೇಕು. ಅಷ್ಟನ್ನೂ ಒಂದು ಚೂರು ಬಿಡದೆ ಅಗೆದು ತೆಗೆದರೂ 2 ಲಕ್ಷ ಕಾರಿಗೆ ಸಾಕಾಗುತ್ತೆ, ಅಷ್ಟೇ.

ಈಗ ನಿಮ್ಮ ಮನೆಯ ಲೆಕ್ಕಕ್ಕೆ ಬರೋಣ. ಪೆನ್ನು, ಪೇಪರ್ ತಗೊಳ್ಳಿ. ಪೆಟ್ರೋಲ್ ಲೀಟರಿಗೆ 100 ರೂಪಾಯಿ ಹಿಡ್ಕೊಳ್ಳಿ. ನಿಮ್ಮ ಸ್ಕೂಟರ್ 45 ಕಿಲೋಮೀಟರ್ ಕೊಡುತ್ತೆ. ಕಿಲೋಮೀಟರಿಗೆ 2 ರೂಪಾಯಿ 22 ಪೈಸೆ. ಎಲೆಕ್ಟ್ರಿಕ್ ಸ್ಕೂಟರಿನ ಬ್ಯಾಟರಿ 3 ಯೂನಿಟ್ ಹಿಡಿಯುತ್ತೆ, 90 ಕಿಲೋಮೀಟರ್ ಓಡುತ್ತೆ ಅನ್ಕೊಳ್ಳಿ. ಚಾರ್ಜ್ ಆಗುವಾಗ ಸ್ವಲ್ಪ ಸೋರಿಕೆ ಇದ್ದದ್ದೇ, ಮೀಟರಿನಲ್ಲಿ 3.4 ಯೂನಿಟ್ ತೋರಿಸುತ್ತೆ. ಯೂನಿಟ್‌ಗೆ 7 ರೂಪಾಯಿ ಅಂದರೆ 24 ರೂಪಾಯಿ. ಕಿಲೋಮೀಟರಿಗೆ 27 ಪೈಸೆ. ಜಾಹೀರಾತಿನವರು ಇಲ್ಲಿಗೆ ನಿಲ್ಲಿಸ್ತಾರೆ. ನಾವು ನಿಲ್ಲಿಸೋದು ಬೇಡ. ಬ್ಯಾಟರಿ ಬದಲಾಯಿಸಲು 60,000 ರೂಪಾಯಿ ಆಗುತ್ತೆ ಅಂತ ಹಿಡ್ಕೊಳ್ಳಿ.

ಒಬ್ಬ ಹುಡುಗ ದಿನಕ್ಕೆ 30 ಕಿಲೋಮೀಟರ್ ಓಡಿಸ್ತಾನೆ. 5 ವರ್ಷಕ್ಕೆ 54,000 ಕಿಲೋಮೀಟರ್. ಪೆಟ್ರೋಲ್ ಲೆಕ್ಕದಲ್ಲಿ ಉಳಿದದ್ದು 1 ಲಕ್ಷ 5 ಸಾವಿರ. ಬ್ಯಾಟರಿಗೆ 60,000 ಹೋದರೂ 45,000 ಕೈಯಲ್ಲಿ ಉಳಿಯಿತು. ಆಯಿಲ್ ಬದಲಾಯಿಸೋದು, ಎಂಜಿನ್ ಕೆಲಸ ತಪ್ಪಿದ್ದು ಬೇರೆ. ಲಾಭವೇ. ಇನ್ನೊಬ್ಬರು ರಿಟೈರ್ಡ್ ಮೇಷ್ಟ್ರು. ಮಾರ್ಕೆಟ್ಟು, ದೇವಸ್ಥಾನ, ದಿನಕ್ಕೆ 10 ಕಿಲೋಮೀಟರ್. 5 ವರ್ಷಕ್ಕೆ 18,000 ಕಿಲೋಮೀಟರ್. ಉಳಿದದ್ದು 35,000. ಬ್ಯಾಟರಿ ಬರೀ ಓಡಿದರೆ ಮಾತ್ರ ಸವೆಯಲ್ಲ, ಸುಮ್ಮನೆ ನಿಂತರೂ ವಯಸ್ಸಾಗುತ್ತೆ. ಮೇಷ್ಟ್ರ ಬ್ಯಾಟರಿ 8 ವರ್ಷ ಬಾಳಿದರೂ ಉಳಿತಾಯ 56,000. ಬ್ಯಾಟರಿಯ ದುಡ್ಡು ಹುಟ್ಟಲಿಲ್ಲ. ಅಂದರೆ ಏನರ್ಥ? ಎಲೆಕ್ಟ್ರಿಕ್ ಗಾಡಿ ಹೆಚ್ಚು ಓಡಿಸುವವನಿಗೆ ಲಾಭ, ಮನೆ ಮುಂದೆ ನಿಲ್ಲಿಸುವವನಿಗೆ ನಷ್ಟ. ಪೆಟ್ರೋಲ್ ಗಾಡಿಯಲ್ಲಿ ಓಡಿಸಿದಷ್ಟೂ ಖರ್ಚು. ಎಲೆಕ್ಟ್ರಿಕ್ ಗಾಡಿಯಲ್ಲಿ ಮುಂದಿನ ಎಂಟು ವರ್ಷದ ಇಂಧನದ ದುಡ್ಡನ್ನು ನೀವು ಶೋರೂಮಿನಲ್ಲಿ ಮೊದಲ ದಿನವೇ ಕೊಟ್ಟಿರ್ತೀರಿ. ಬ್ಯಾಟರಿ ಅಂದರೆ ಅದೇ.

ಲೆಕ್ಕದ ಪ್ರಕಾರ ಅತಿ ಹೆಚ್ಚು ಲಾಭ ಆಗಬೇಕಾದದ್ದು ಯಾರಿಗೆ? ದಿನವಿಡೀ ಓಡಿಸುವ ಆಟೋ ಡ್ರೈವರಿಗೆ, ಊಟ ತಂದುಕೊಡುವ ಡೆಲಿವರಿ ಹುಡುಗನಿಗೆ. ಹಾಗಾದರೆ ನಾನು ಕಂಡ ಆ ಆಟೋದವನಿಗೆ ನಿದ್ದೆ ಯಾಕೆ ಬರಲ್ಲ? ಯಾಕೆಂದರೆ ಲಾಭ ದಿನಾ ಚಿಲ್ಲರೆಯಾಗಿ ಬರುತ್ತೆ, ನಷ್ಟ ಒಂದೇ ದಿನ ಲಕ್ಷವಾಗಿ ಬರುತ್ತೆ. ದಿನಾ ಉಳಿದ 200 ರೂಪಾಯಿ ಮಗಳ ಸ್ಕೂಲ್ ಫೀಸಿಗೆ, ಸಾಲದ ಕಂತಿಗೆ ಹೋಗಿರುತ್ತೆ. ಬ್ಯಾಟರಿ ಹೋದ ದಿನ ಅವನ ಹತ್ರ ಏನಿರುತ್ತೆ? ಮತ್ತೆ ಸಾಲ. ಅದೂ ಬ್ಯಾಂಕಿನವರು ಹೊಸ ಗಾಡಿಗೆ ಕೊಟ್ಟ ಹಾಗೆ ಹಳೇ ಗಾಡಿಯ ಬ್ಯಾಟರಿಗೆ ಸಾಲ ಕೊಡ್ತಾರಾ? ಹಳೇ ಆಟೋ ಮಾರೋಣ ಅಂದರೆ ಕೊಳ್ಳುವವನು ಮೊದಲು ಕೇಳೋದೇ "ಬ್ಯಾಟರಿ ಹೆಂಗಿದೆ?" ಅಂತ.

ಇಲ್ಲಿ ಸರ್ಕಾರವನ್ನು ಒಂದು ಮಾತು ಕೇಳಬೇಕು. ಎಲೆಕ್ಟ್ರಿಕ್ ಗಾಡಿಗೆ ನೀತಿ ತಂದ ದೇಶದ ಮೊದಲ ರಾಜ್ಯ ಕರ್ನಾಟಕ, 2017ರಲ್ಲಿ. ಒಳ್ಳೇದು. ಕೇಂದ್ರದವರೂ ಫೇಮ್ ಯೋಜನೆಯಲ್ಲಿ ಬ್ಯಾಟರಿಯ ಗಾತ್ರ ನೋಡಿ ಸಬ್ಸಿಡಿ ಕೊಟ್ಟರು. 2021ರ ಜೂನ್‌ನಲ್ಲಿ ದ್ವಿಚಕ್ರ ವಾಹನಕ್ಕೆ ಬ್ಯಾಟರಿಯ ಪ್ರತಿ ಯೂನಿಟ್‌ಗೆ 15,000 ರೂಪಾಯಿ ಮಾಡಿದರು, 2023ರ ಜೂನ್‌ನಲ್ಲಿ 10,000ಕ್ಕೆ ಇಳಿಸಿದರು. ಹೊಸ ಎಲೆಕ್ಟ್ರಿಕ್ ಗಾಡಿಗೆ ಜಿಎಸ್‌ಟಿ ಶೇಕಡ 5 ಮಾತ್ರ. ಸರಿ. ಆದರೆ ಅದೇ ಗಾಡಿಗೆ ಐದು ವರ್ಷ ಬಿಟ್ಟು ಬ್ಯಾಟರಿ ಮಾತ್ರ ಬೇಕು ಅಂತ ಹೋಗಿ. ಜಿಎಸ್‌ಟಿ ಎಷ್ಟು? ಶೇಕಡ 18! ಗಾಡಿಯೊಳಗೆ ಕೂತು ಬಂದರೆ 5, ಒಂಟಿಯಾಗಿ ಬಂದರೆ 18. ಏನ್ರೀ ಇದು ನ್ಯಾಯ? ಹೊಸ ಗಾಡಿ ಕೊಳ್ಳುವವನಿಗೆ ಆರತಿ, ಹಳೇ ಗಾಡಿ ಉಳಿಸಿಕೊಳ್ಳುವವನಿಗೆ ಬರೆ.

ಸರ್ಕಾರಕ್ಕೆ ದಾರಿ ಗೊತ್ತಿಲ್ಲ ಅಂತಲ್ಲ. ಬೆಂಗಳೂರಿನಲ್ಲಿ ಓಡ್ತಿರುವ ಬಿಎಂಟಿಸಿ ಎಲೆಕ್ಟ್ರಿಕ್ ಬಸ್ ನೋಡಿ. ಬಸ್ಸೂ ಖಾಸಗಿ ಕಂಪನಿಯದು, ಬ್ಯಾಟರಿಯೂ ಅವರದೇ. ಬಿಎಂಟಿಸಿ ಕೊಡೋದು ಓಡಿದ ಕಿಲೋಮೀಟರಿಗೆ ಇಷ್ಟು ಅಂತ ದುಡ್ಡು. ಬ್ಯಾಟರಿ ಸತ್ತರೆ ತಲೆಬಿಸಿ ಕಂಪನಿಗೆ, ನಿಗಮಕ್ಕಲ್ಲ. ಹಾರ್ಟ್‌ಫರ್ಡ್ ನೆನಪಾಯ್ತಾ? ಅದೇ ಲೆಕ್ಕ. 2024ರಲ್ಲಿ ಎಂಜಿ ಕಂಪನಿ ವಿಂಡ್ಸರ್ ಕಾರನ್ನು ಬಿಟ್ಟಾಗಲೂ ಇದೇ ದಾರಿ ಹಿಡಿಯಿತು. ಕಾರಿಗೆ ಒಂದು ಬೆಲೆ, ಬ್ಯಾಟರಿಗೆ ಕಿಲೋಮೀಟರಿಗೆ ಮೂರೂವರೆ ರೂಪಾಯಿ ಬಾಡಿಗೆ. ಅಂದರೆ ಸರ್ಕಾರಿ ನಿಗಮಕ್ಕೆ ಬ್ಯಾಟರಿಯ ಚಿಂತೆ ಇಲ್ಲ, ಹತ್ತು ಲಕ್ಷದ ಕಾರು ಕೊಳ್ಳುವವನಿಗೂ ತಪ್ಪಿಸಿಕೊಳ್ಳುವ ದಾರಿ ಇದೆ. ಚಿಂತೆಯನ್ನೆಲ್ಲ ಹೊತ್ತು ಓಡಿಸುತ್ತಿರುವವನು ಸಾಲ ಮಾಡಿ ಆಟೋ ತಗೊಂಡ ಬಡವ. ಅತಿ ಕಡಿಮೆ ತಾಕತ್ತಿರುವವನ ತಲೆ ಮೇಲೆ ಅತಿ ದೊಡ್ಡ ಭಾರ.

ನಾನು ಎಲೆಕ್ಟ್ರಿಕ್ ಗಾಡಿ ಬೇಡ ಅಂತ ಹೇಳ್ತಿಲ್ಲ. ಬೇಕು. ಸಿಲ್ಕ್ ಬೋರ್ಡ್‌ನಲ್ಲಿ ಅರ್ಧ ಗಂಟೆ ನಿಂತವರಿಗೆ ಯಾಕೆ ಬೇಕು ಅಂತ ನಾನು ಹೇಳಿಕೊಡಬೇಕಾಗಿಲ್ಲ. ಆದರೆ ಗಾಡಿ ಕೊಳ್ಳುವ ಮುಂಚೆ ಶೋರೂಮಿನಲ್ಲಿ ಮೂರು ಪ್ರಶ್ನೆ ಕೇಳಿ. ಇವತ್ತಿನ ದಿನ ಈ ಗಾಡಿಯ ಬ್ಯಾಟರಿ ಮಾತ್ರ ಕೊಂಡರೆ ಎಷ್ಟು, ಬರೆದು ಕೊಡಿ. ವಾರಂಟಿ ಎಷ್ಟು ವರ್ಷ, ಎಷ್ಟು ಕಿಲೋಮೀಟರ್, ತಾಕತ್ತು ಶೇಕಡ ಎಷ್ಟಕ್ಕೆ ಇಳಿದರೆ ಬದಲಾಯಿಸಿ ಕೊಡ್ತೀರಿ? ಬ್ಯಾಟರಿ ಆರೋಗ್ಯ ಎಷ್ಟಿದೆ ಅಂತ ನಾನು ಕೇಳಿದಾಗಲೆಲ್ಲ ತೋರಿಸ್ತೀರಾ? ಈ ಮೂರಕ್ಕೂ ಸೇಲ್ಸ್ ಹುಡುಗ ತಡವರಿಸಿದರೆ ಹೆಲ್ಮೆಟ್ ಹಾಕ್ಕೊಂಡು ಹೊರಗೆ ಬನ್ನಿ. ಸರ್ಕಾರಕ್ಕೂ ಇಷ್ಟೇ ಕೇಳೋದು: ಬದಲಿ ಬ್ಯಾಟರಿಯ ತೆರಿಗೆಯನ್ನು ಗಾಡಿಯ ತೆರಿಗೆಗೆ ಸಮ ಮಾಡಿ. ಆಟೋದವರಿಗೆ ಬ್ಯಾಟರಿಯನ್ನು ಕಿಲೋಮೀಟರ್ ಲೆಕ್ಕದಲ್ಲಿ ಕೊಡುವ ವ್ಯವಸ್ಥೆ ಮಾಡಿ. ಬಸ್ಸಿಗೆ ಆಗೋದು ಆಟೋಗೆ ಯಾಕೆ ಆಗಲ್ಲ?

ಆ ರಾತ್ರಿ ಮನೆ ಹತ್ರ ಇಳಿದಾಗ ಆತನಿಗೆ ಮೀಟರ್ ದುಡ್ಡು ಕೊಟ್ಟು ಕೇಳಿದೆ, "ಈಗ ಚಾರ್ಜ್ ಎಷ್ಟಿದೆ?" ಆತ ಬಗ್ಗಿ ನೋಡಿ ಹೇಳಿದ, "ಮನೆಗೆ ಹೋಗೋಕೆ ಸಾಕು ಸಾರ್." ಹೊಸದಿದ್ದಾಗ ಈ ಹೊತ್ತಿನಲ್ಲಿ ಇನ್ನೂ ಎರಡು ಬಾಡಿಗೆ ಹೊಡೆಯುತ್ತಿದ್ದನಂತೆ.